ಅವ್ವನ ಹಂಚಿಗೆ ನಾನು ಪಾಲಿಶ್ ಹೊಡೆದದ್ದು

ಶಹಾಬಾದಿನಲ್ಲಿ ಹುಟ್ಟಿದವನಿಗೆ ಫರಸಿ ಕಲ್ಲು ಬಿಟ್ಟರೆ ಬೇರೆ ಕಲ್ಲು ಕಲ್ಲೇ ಅಲ್ಲ. ನಮ್ಮ ಮನೆಯ ನೆಲ ಫರಸಿ, ಗೋಡೆ ಫರಸಿ, ಗೋಡೆಯೊಳಗಿನ ಮಾಡು ಫರಸಿ, ನೀರಿನ ತೊಟ್ಟಿ ಫರಸಿ. ಹಿತ್ತಲಿನ ಬೇಲಿ ಕೂಡ ಸಾಲಾಗಿ ಹೂಳಿ ನಿಲ್ಲಿಸಿದ ಫರಸಿಯೇ. ಇಂಥ ಊರಿನಲ್ಲಿ ನಾನು ಪಾಲಿಶ್ ಮಾಡುವವನು. ಖಣಿಯಲ್ಲಿ ಕಲ್ಲು ಎಬ್ಬಿಸುವವರು ಬೇರೆ, ಕತ್ತರಿಸುವವರು ಬೇರೆ, ಲಾರಿಗೆ ಹೇರುವವರು ಬೇರೆ. ಹೊಳಪು ಕೊಡುವವನು ನಾನು. ಮಷೀನಿನ ಕೆಳಗೆ ನೀರು ಬಿಟ್ಟುಕೊಂಡು ಉಜ್ಜುತ್ತ ಉಜ್ಜುತ್ತ ಕೊನೆಗೆ ಕಲ್ಲಿನಲ್ಲಿ ನನ್ನ ಮೀಸೆ ಕಾಣಿಸಿತೆಂದರೆ ಆ ಕಲ್ಲು ಪಾಸು. ಮೀಸೆ ಮಸುಕಾಗಿ ಕಂಡರೆ ಮತ್ತೆ ಉಜ್ಜಬೇಕು.

ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದ ಮೇಲೆ ಮನುಷ್ಯನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಮಂಕಾದದ್ದು ಏನೇ ಕಂಡರೂ ನನಗೆ ಕೈ ಕಡಿಯುತ್ತದೆ. ಬೇರೆಯವರ ಮನೆಗೆ ಹೋದರೆ ಚಹಾ ಕುಡಿಯುವ ಮೊದಲು ಅವರ ನೆಲ ನೋಡುತ್ತೇನೆ. ನನ್ನ ಹೆಂಡತಿ ಇದನ್ನು ರೋಗ ಅನ್ನುತ್ತಾಳೆ. ನಾನು ಕಲೆ ಅನ್ನುತ್ತೇನೆ. ಈ ವಾದ ನಮ್ಮ ಮನೆಯಲ್ಲಿ ಲಗ್ನವಾದ ವರ್ಷದಿಂದ ನಡೆದಿದೆ, ಇನ್ನೂ ತೀರ್ಮಾನವಾಗಿಲ್ಲ.

ಎರಡು ವರ್ಷದ ಹಿಂದೆ ದಸರೆಗೆ ಮನೆ ತೊಳೆಯುವಾಗ ನಾನು ಬಚ್ಚಲಿನ ಕಲ್ಲಿಗೂ ಪಾಲಿಶ್ ಹೊಡೆದೆ. ನಾನು ದುಡಿಯುವ ಕಲ್ಲಿನ ಯಾರ್ಡಿನಿಂದ ಕೈ ಮಷೀನು ತಂದು ಒಂದು ಭಾನುವಾರ ಪೂರ್ತಿ ಕೂತು ಹೊಡೆದೆ. ಎಂಥ ಹೊಳಪು ಬಂತೆಂದರೆ ನನಗೇ ಹೆಮ್ಮೆಯಾಗಿ ಓಣಿಯವರನ್ನು ಕರೆದು ತೋರಿಸಿದೆ. ಜನರನ್ನು ಕರೆದು ಬಚ್ಚಲು ತೋರಿಸಿದ ಗಂಡಸು ಊರಿನಲ್ಲಿ ನಾನೊಬ್ಬನೇ ಇರಬೇಕು. ಎಂಟು ದಿನಕ್ಕೆ ಅವ್ವ ಅದರ ಮೇಲೆ ಕಾಲು ಜಾರಿ ಬಿದ್ದಳು. ಬಲಗೈ ಊರಿದಳು, ಮಣಿಕಟ್ಟಿನ ಎಲುಬು ಮುರಿಯಿತು.

"ಟಾಕಿ ಹಾಕ್ರಿ ಆ ಕಲ್ಲಿಗೆ," ಅಂದಳು ಹೆಂಡತಿ. ಟಾಕಿ ಹಾಕುವುದೆಂದರೆ ಚಾಣದಿಂದ ಕಲ್ಲಿನ ಮೈಗೆ ಚುಕ್ಕೆ ಚುಕ್ಕೆ ಹೊಡೆದು ಒರಟು ಮಾಡುವುದು. ನಾನು ಮಾಡಿದ ಹೊಳಪಿಗೆ ನಾನೇ ಚಾಣ ಇಡುವುದೇ? ತಪ್ಪು ಕಲ್ಲಿನದಲ್ಲ, ಸಾಬೂನಿನದು, ಸಾಬೂನು ಅಲ್ಲಿ ಬಿಟ್ಟವರು ಯಾರು, ಎಂದು ಜೋರು ಮಾಡಿದೆ. ಕಲ್ಲಿನ ಮೇಲೆ ಒಂದು ಗೋಣಿಚೀಲ ಹಾಸಿ ಆ ಮಾತು ಅಲ್ಲಿಗೇ ಮುಚ್ಚಿದೆ.

ಕೈಗೆ ಆರು ವಾರ ಪ್ಲಾಸ್ಟರ್ ಎಂದರು ಡಾಕ್ಟರು. ಅವ್ವ ಸೇಡಂನಲ್ಲಿರುವ ನನ್ನ ಅಕ್ಕನ ಮನೆಗೆ ಹೋದಳು. ಹೋಗುವಾಗ ಹಿತ್ತಲಿಗೆ ಬಂದು, ಹೊರಗಿನ ಒಲೆಯ ಮೇಲೆ ಗೋಡೆಗೆ ತೂಗಿದ್ದ ತನ್ನ ಹಂಚನ್ನು ಎಡಗೈಯಿಂದ ಒಮ್ಮೆ ಮುಟ್ಟಿ, "ಎಳ್ಳಮಾವಾಸಿ ಒಳಗ ಬರ್ತೀನಿ. ಹೊಲದಾಗ ರೊಟ್ಟಿ ನಾನೇ ಬಡಿಯಾಕಿ," ಎಂದು ಹೇಳಿ ಹೋದಳು.

ಆ ಹಂಚಿನ ಮಾತು ಇಲ್ಲಿ ಸ್ವಲ್ಪ ಹೇಳಲೇಬೇಕು. ಅವ್ವನ ತವರು ಚಿಂಚೋಳಿ ಕಡೆ. ಲಗ್ನದಲ್ಲಿ ಅವಳ ಅಪ್ಪ ಕಮ್ಮಾರನ ಹತ್ತಿರ ಕೂತು ದಪ್ಪ ಕಬ್ಬಿಣದಿಂದ ಮಾಡಿಸಿಕೊಟ್ಟ ಹಂಚು ಅದು. ನಡುವೆ ಸ್ವಲ್ಪ ತಗ್ಗು, ಅಂಚಿನಲ್ಲಿ ಒಂದು ಕಡೆ ಸುತ್ತಿಗೆ ತಪ್ಪಿ ಬಿದ್ದ ಗುರುತು. ಹೊಸ ಮದುಮಗಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದಳಂತೆ. ನಮ್ಮ ಮನೆಯಲ್ಲಿ ಗ್ಯಾಸ್ ಒಳಗಿದೆ. ಚಹಾ, ಅನ್ನ, ಪಲ್ಯ ಅಲ್ಲಿ. ರೊಟ್ಟಿ ಮಾತ್ರ ಹಿತ್ತಲಿನ ಮಣ್ಣೊಲೆಯ ಮೇಲೆ, ಆ ಹಂಚಿನಲ್ಲಿ, ಅವ್ವನ ಕೈಯಲ್ಲಿ. ಆ ಹಂಚಿಗೆ ಸಾಬೂನು ತಾಗಿದ್ದನ್ನು ನಾನು ಕಂಡಿಲ್ಲ. ಕೆಲಸ ಮುಗಿದ ಮೇಲೆ ಒಂದು ಒಣ ಬಟ್ಟೆಯಿಂದ ಒರೆಸುವಳು. ವಾರಕ್ಕೊಮ್ಮೆ ಅದೇ ಬಟ್ಟೆಯ ತುದಿಗೆ ಒಂದು ಹನಿ ಕುಸುಬಿ ಎಣ್ಣೆ. ಅಷ್ಟೇ.

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ನೈವೇದ್ಯದ ಅಡುಗೆಯನ್ನು ಹೊಲದ ತುಂಬ ಚರಗವೆಂದು ಚೆಲ್ಲಿ ಅಲ್ಲಿಯೇ ಉಣ್ಣುವುದು. ಎಲ್ಲರೂ ಅಡುಗೆ ಕಟ್ಟಿಕೊಂಡು ಹೋಗುತ್ತಾರೆ. ಚಿತ್ತಾಪುರದ ದಾರಿಯಲ್ಲಿರುವ ನಮ್ಮ ಕಾಕಾನ ಹೊಲಕ್ಕೆ ಮಾತ್ರ ಅವ್ವ ಹಂಚು ತೆಗೆದುಕೊಂಡು ಹೋಗುವಳು. ಅಲ್ಲಿ ಮೂರು ಕಲ್ಲು ಹೂಡಿ, ಕೂತವರ ಕೈಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಿಸಿಬಿಸಿ ಹಾಕಬೇಕು. ಲಗ್ನವಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. "ಕೈ ಬಂದ್ರ ನಾ ಮನುಷಾಳು. ಇಲ್ಲಂದ್ರ ಮೂಲ್ಯಾಗ ಇಟ್ಟ ಗಡಿಗಿ," ಎಂದು ಪ್ಲಾಸ್ಟರ್ ಹಾಕಿಸಿಕೊಂಡ ದಿನವೇ ಅಕ್ಕನ ಮುಂದೆ ಅಂದಿದ್ದಳಂತೆ.

ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ಕೆಟ್ಟದ್ದಾಯಿತು.

ಅವ್ವ ಬರುವಷ್ಟರಲ್ಲಿ ಅವಳಿಗೆ ಸಂತೋಷವಾಗುವಂಥದ್ದು ಏನಾದರೂ ಮಾಡಬೇಕು ಎಂದು ನನಗೆ ಹುಕಿ ಬಂತು. ಆ ದಿನಗಳಲ್ಲೇ ಮೊಬೈಲಿನಲ್ಲಿ ಒಂದು ವಿಡಿಯೋ ಕಂಡೆ. ಯಾರೋ ಪುಣ್ಯಾತ್ಮ ತುಕ್ಕು ಹಿಡಿದ ಕಬ್ಬಿಣದ ದೊಡ್ಡದೊಂದು ಬಾಣಲೆಯನ್ನು ಉಜ್ಜಿ ಉಜ್ಜಿ ಬೆಳ್ಳಿ ಮಾಡುತ್ತಿದ್ದ. ಬೆಳ್ಳಿ ಬಂದಲ್ಲಿಗೆ ನಾನು ವಿಡಿಯೋ ನಿಲ್ಲಿಸಿದೆ. ಹಂಚಿನ ಕಡೆ ನೋಡಿದೆ. ನಲವತ್ತೈದು ವರ್ಷದ ಕರಿ! ಇಷ್ಟು ದಿನ ಇದು ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ನನಗೇ ನಾಚಿಕೆಯಾಯಿತು.

ಮರುದಿನ ಚೀಲದಲ್ಲಿ ಹಾಕಿಕೊಂಡು ಯಾರ್ಡಿಗೆ ಒಯ್ದೆ. ಊಟದ ಬಿಡುವಿನಲ್ಲಿ ಕೈ ಮಷೀನಿಗೆ ತಂತಿಯ ಬ್ರಶ್ ಹಾಕಿ ಶುರು ಮಾಡಿದೆ. ಕರಿ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಸುಲಭಕ್ಕೆ ಬಿಡಲಿಲ್ಲ ಅದು, ನನ್ನ ಹಟವೂ ಬಿಡಲಿಲ್ಲ. ಆಮೇಲೆ ನುಣುಪು ಸಾಣೆ, ಅದಕ್ಕಿಂತ ನುಣುಪಿನದು, ಕೊನೆಗೆ ಬಟ್ಟೆ. ಜೊತೆಯವರೆಲ್ಲ ಬುತ್ತಿ ಬಿಟ್ಟು ಬಂದು ಸುತ್ತ ನಿಂತರು.

"ಅಣ್ಣಾ, ಇದರಾಗ ನೋಡ್ಕೊಂಡು ದಾಡಿ ಮಾಡ್ಕೋಬಹುದು ನೋಡು," ಅಂದ ಒಬ್ಬ. ನಾನು ಬಗ್ಗಿ ನೋಡಿದೆ. ಮೀಸೆ ಕಂಡಿತು. ಪಾಸು.

ಸಂಜೆ ಮನೆಗೆ ಬಂದು ಹೆಂಡತಿಯ ಮುಂದೆ ಕಾಗದ ಬಿಚ್ಚಿದೆ.

"ಇದೇನ್ರಿ?"

"ಹಂಚು."

"ಯಾರದು?"

"ಅವ್ವಂದೇ. ಹೆಂಗ ಅದ?"

ಅವಳು ಸೌಟು ಕೆಳಗಿಟ್ಟಳು. ಗೋಡೆಯ ಮೇಲೆ ಖಾಲಿ ಮೊಳೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನಿಮ್ಮ ಪಾಲಿಶ್‌ಗೆ ಬೆಂಕಿ ಹತ್ತಲಿ! ಅತ್ತಿ ಇಷ್ಟು ವರ್ಷ ಪಳಗಿಸಿದ ಹಂಚು ಒಂದು ತಾಸಿನಾಗ ಬೋಳಿಸಿ ತಂದೀರಲ್ರೀ! ಆವತ್ತು ಬಚ್ಚಲ, ಇವತ್ತು ಹಂಚು. ನಾಳಿ ಯಾರ ತಲಿಗಿ ಹೊಡೀತೀರಿ?"

"ಹೊಲಸು ತಗದೀನಿ, ಮತ್ತೇನ್ ಮಾಡೀನಿ?" ನಾನೂ ಏರಿದೆ. "ಕಬ್ಬಿಣ ಕಬ್ಬಿಣದಂಗ ಕಂಡ್ರ ತಪ್ಪೇನು?"

ಅವಳು ಹೊರಗಿನ ಒಲೆ ಹಚ್ಚಿದಳು, ಹಂಚು ಇಟ್ಟಳು, ಹಿಟ್ಟು ಮಿದ್ದು ಒಂದು ರೊಟ್ಟಿ ಬಡಿದು ಹಾಕಿದಳು. ಮೇಲೆ ನೀರು ಸವರಿದಳು. ತಿರುವಿ ಹಾಕಿದಳು. ನೀರು ಸವರಿದ ಮಗ್ಗುಲು ಹಂಚಿಗೆ ಕೂತದ್ದೇ ಕೂತದ್ದು, ಸಿಮೆಂಟು ಹಾಕಿ ಕೂಡಿಸಿದ ಹಾಗೆ. ಕಿತ್ತರೆ ಅರ್ಧ ಅವಳ ಕೈಗೆ ಬಂತು, ಅರ್ಧ ಹಂಚಿಗೇ ಉಳಿಯಿತು. ಆ ಅರ್ಧವನ್ನು ಚಮಚೆಯಿಂದ ಕೆರೆದು ನನ್ನ ತಾಟಿಗೆ ಹಾಕಿದಳು.

"ಉಣ್ರಿ. ಹೊಳೀಲಿಕತ್ತದ."

ಆಗ ನಾನು ಅರ್ಧಕ್ಕೆ ಬಿಟ್ಟ ವಿಡಿಯೋದ ಉಳಿದರ್ಧ ನೋಡಿದೆ. ಬೆಳ್ಳಿ ಮಾಡಿದ ಮೇಲೆ ಆ ಪುಣ್ಯಾತ್ಮ ಕೈ ಒರೆಸಿಕೊಂಡು, ಖರೇ ಕೆಲಸ ಈಗ ಶುರು ಅನ್ನುವ ಹಾಗೆ ಎಣ್ಣೆಯ ಡಬ್ಬಿ ತೆಗೆದ. ತೆಳ್ಳಗೆ ಹಚ್ಚು, ಕಾಯಿಸು, ಆರಿಸು. ಮತ್ತೆ ಹಚ್ಚು, ಮತ್ತೆ ಕಾಯಿಸು. ಎಷ್ಟು ಸಲ ಮಾಡಿದನೋ ನಾನು ಎಣಿಸುವುದನ್ನೇ ಬಿಟ್ಟೆ.

ನನಗೆ ಅಷ್ಟು ತಾಳ್ಮೆ ಎಲ್ಲಿಯದು? ಅವ್ವ ಬರಲು ನಾಲ್ಕು ದಿನ ಉಳಿದಿತ್ತು. ಮತ್ತೆ ಹಂಚು ಯಾರ್ಡಿಗೆ ಒಯ್ದು, ಶೆಡ್ಡಿನ ಹಿಂದೆ ತೊಗರಿ ಕಟ್ಟಿಗೆ ಒಟ್ಟಿ, ಒಂದೇ ಸಲಕ್ಕೆ ಕೆಲಸ ಮುಗಿಸಬೇಕೆಂದು ಎಣ್ಣೆ ಸುರಿದು ಜೋರು ಬೆಂಕಿ ಹಚ್ಚಿದೆ. ಅವಸರದಲ್ಲಿ ಬೆಂಕಿ ಹಚ್ಚಿದ್ದು ಎಲ್ಲಿ ಎಂದರೆ, ನೆಲದ ಮೇಲಿದ್ದ ಫರಸಿಯ ಮೇಲೆ! ಫರಸಿಗೆ ಬೆಂಕಿ ಆಗುವುದಿಲ್ಲ, ಕಾದರೆ ಸಿಡಿಯುತ್ತದೆ ಎಂದು ಶಹಾಬಾದಿನಲ್ಲಿ ಅಂಬೆಗಾಲಿಡುವ ಕೂಸಿಗೂ ಗೊತ್ತು. ಢಬ್ ಎಂದು ಸಿಡಿಯಿತು. ಒಂದು ಚೂರು ಹಾರಿ ತಗಡಿನ ಛಾವಣಿಗೆ ಬಡಿದು ಇನ್ನೊಂದು ಸಪ್ಪಳ ಮಾಡಿತು. ಒಳಗಿದ್ದವರೆಲ್ಲ ಖಣಿಯಲ್ಲಿ ಏನೋ ಆಯಿತೆಂದು ಹೊರಗೆ ಓಡಿ ಬಂದರು.

"ಯಾರಿಗೂ ತಾಗಿಲ್ಲ, ಯಾರಿಗೂ ತಾಗಿಲ್ಲ," ಎಂದು ನಾನು ಕೈ ಮೇಲೆತ್ತಿ ನಿಂತೆ.

ಮೇಸ್ತ್ರಿ ಬಂದ. ಸಿಡಿದ ಕಲ್ಲು ನೋಡಿದ, ಹಂಚು ನೋಡಿದ. "ಇಪ್ಪತ್ತು ವರ್ಷ ಆತು ಈ ಕಲ್ಲಿನಾಗ ಅನ್ನ ಉಣ್ಲಿಕತ್ತು, ಫರಸಿ ಮ್ಯಾಲ ಬೆಂಕಿ ಹಚ್ತೀಯಲ್ಲೋ ಮಾರಾಯ! ನಾಚಿಕಿ ಬರಲ್ಲೇನು?" ಅಂದ. ಬಂತು. ಭಾಳ ಬಂತು. ಈಗಲೂ ಯಾರ್ಡಿನಲ್ಲಿ ಏನಾದರೂ ಸಪ್ಪಳವಾದರೆ, "ಹಂಚ ಕಾಯ್ಲಿಕತ್ತದೇನು?" ಎಂದು ನನ್ನ ಕಡೆ ನೋಡುತ್ತಾರೆ.

ಹಂಚಿನ ಮೇಲೆ ಎಣ್ಣೆ ಅಂಟಂಟಾಗಿ ಹಿಡಿದಿತ್ತು. ಹೆಂಡತಿ ಬೈಯುತ್ತಲೇ ಅದನ್ನು ಉಪ್ಪು ಹಾಕಿ ತಿಕ್ಕಿ ತೆಗೆದಳು. ಉಳಿದ ಎರಡು ದಿನ ಇಬ್ಬರೂ ಹಿತ್ತಲಲ್ಲಿ ಕೂತು ಕಾಯಿಸಿದೆವು, ಎಣ್ಣೆ ಸವರಿದೆವು, ಒಲೆಯ ಗೋಡೆಯ ಮಸಿ ತೆಗೆದು ಮೇಲೆ ಬಳಿದೆವು. ಕೊನೆಗೆ ಮೊಳೆಗೆ ತೂಗಿ ದೂರದಿಂದ ನೋಡಿದರೆ ಮೊದಲಿನ ಹಂಚೇ. ಕಪ್ಪಾಗಿತ್ತು. ಪಳಗಿರಲಿಲ್ಲ.

"ಹೇಳಿಬಿಡ್ರಿ ಅತ್ತಿಗಿ," ಅಂದಳು ಹೆಂಡತಿ.

"ಗೊತ್ತಾದ್ರ ಹೇಳೋಣ," ಅಂದೆ.

ಎಳ್ಳಮಾವಾಸ್ಯೆಗೆ ಇನ್ನೂ ಮೂರು ವಾರ ಇರುವಾಗ ಅವ್ವನನ್ನು ಕರೆತರಲು ಸೇಡಂಗೆ ಹೋದೆ. ಪ್ಲಾಸ್ಟರ್ ಬಿಚ್ಚಿದ ಕೈ ತೆಳ್ಳಗಾಗಿ, ಬೇರೆ ಯಾರದೋ ಕೈ ತಂದು ಹಚ್ಚಿದ ಹಾಗೆ ಕಾಣುತ್ತಿತ್ತು. ಎಲುಬು ಕೂಡಿದೆ, ಕಸುವು ಬರುವುದು ಬಿಡುವುದು ಅವ್ವನ ಕೈಯಲ್ಲೇ ಇದೆ ಎಂದು ಡಾಕ್ಟರು ಹೇಳಿದ್ದರಂತೆ. ಅಕ್ಕ ಹಳೇ ಬಟ್ಟೆ ಸುತ್ತಿ ಒಂದು ಉಂಡೆ ಮಾಡಿಕೊಟ್ಟಿದ್ದಳು. ರೈಲಿನಲ್ಲಿ ಅವ್ವ ದಾರಿಯುದ್ದಕ್ಕೂ ಅದನ್ನು ಹಿಚುಕುತ್ತ ಕೂತಳು. ಚಿತ್ತಾಪುರ ದಾಟಿತು, ಹಿಚುಕುತ್ತಿದ್ದಳು. ವಾಡಿಯಲ್ಲಿ ಗಾಡಿ ಎಂದಿನಂತೆ ನಿಂತೇ ನಿಂತಿತು, ಅಲ್ಲಿಯೂ ಹಿಚುಕುತ್ತಿದ್ದಳು.

"ಹಂಚು ಛಲೋ ಅದ ಏನೋ?" ಎಂದು ಕೇಳಿದಳು.

"ಅದ," ಅಂದೆ. ಕಿಟಕಿಯ ಹೊರಗೆ ನೋಡುತ್ತ ಅಂದೆ.

ಮರುದಿನ ಬೆಳಗ್ಗೆ ಅವ್ವ ಎದ್ದವಳೇ ಒಲೆಗೆ ಕೂತಳು. ಹಂಚು ಇಳಿಸಿ ಕೊಟ್ಟವನು ನಾನೇ. ಅವಳು ಅದರ ಮುಖ ನೋಡಲೂ ಇಲ್ಲ. ಕಣ್ಣೆಲ್ಲ ಕೈಯ ಮೇಲಿತ್ತು. ಎಸರು ಹಾಕಿ ಹಿಟ್ಟು ಮಿದಿಯಲು ಎರಡು ಪಟ್ಟು ಹೊತ್ತು ಹಿಡಿಯಿತು. ಬಡಿಯುವಾಗ ನಮ್ಮ ಕಿವಿಗೆ ರೂಢಿಯಾದ ಆ ಟಪಟಪ ಸಪ್ಪಳ ಬರಲಿಲ್ಲ, ನಿಂತು ನಿಂತು ಬಂತು. ಎತ್ತಿ ಹಂಚಿಗೆ ಹಾಕಿದಳು, ನೀರು ಸವರಿದಳು, ತಿರುವಿದಳು. ಹಿಡಿದುಕೊಂಡಿತು. ಕಿತ್ತರೆ ಹರಿಯಿತು.

ಎರಡನೆಯದೂ ಹರಿಯಿತು. ಮೂರನೆಯದಕ್ಕೆ ತುಟಿ ಕಚ್ಚಿಕೊಂಡು ಕೂತಳು. ಅದೂ ಹರಿಯಿತು.

ಅವ್ವ ಬೈಯಲಿಲ್ಲ, ಹಂಚಿನ ಕಡೆ ನೋಡಲಿಲ್ಲ. ಹಿಟ್ಟು ಹತ್ತಿದ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, "ಹೋತು. ನನ್ನ ಕೈ ಹೋತು," ಅಂದಳು. ಹಿಟ್ಟು ಮಿದಿಯುವ ಕಟ್ಟಿಗೆಯ ಕೊಣಮಿಗೆಯನ್ನು ಕಾಲಿನಿಂದ ಸರಿಸಿ ನನ್ನ ಹೆಂಡತಿಯ ಕಡೆ ನೂಕಿದಳು. "ಎಳ್ಳಮಾವಾಸಿಗಿ ನೀನೇ ಬಡಿಯವ್ವಾ. ನಾ ಕುಂತು ಉಣ್ತೀನಿ."

ಹೆಂಡತಿ ನನ್ನ ಮುಖ ನೋಡಿದಳು. ನಾನು ಬುತ್ತಿ ತೆಗೆದುಕೊಂಡು ಕೆಲಸಕ್ಕೆ ಹೋದೆ. ಹೌದು, ಹೋದೆ. ದಿನವೆಲ್ಲ ಮಷೀನಿನ ಕೆಳಗೆ ಕಲ್ಲು ಹೊಳೆಯಿತು. ಬಗ್ಗಿ ನೋಡಿದಾಗೆಲ್ಲ ನನ್ನ ಮೀಸೆ ಕಂಡಿತು, ಆ ಮೀಸೆ ನನಗೇ ಬೇಡವಾಯಿತು. ನಾಲ್ಕಕ್ಕೆ ಮೇಸ್ತ್ರಿಗೆ ಹೇಳಿ ಮನೆಗೆ ಬಂದೆ.

ಅವ್ವ ಹಿತ್ತಲಿನ ಕಟ್ಟೆಯ ಮೇಲೆ ಕೂತಿದ್ದಳು. ಬಟ್ಟೆಯ ಉಂಡೆ ಪಕ್ಕದಲ್ಲಿ ಬಿದ್ದಿತ್ತು, ಹಿಚುಕುತ್ತಿರಲಿಲ್ಲ. ಸುಮ್ಮನೆ ಕೂತ ಅವ್ವನನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಅವಳ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೆ.

"ಎವ್ವಾ, ನಿನ್ನ ಕೈ ಹೋಗಿಲ್ಲ. ಹಂಚು ಹೋಗ್ಯಾದ."

"ಏನಂದಿ?"

"ನಾ ಹಂಚಿಗಿ ಪಾಲಿಶ್ ಹೊಡದೆ. ನೀ ಇಲ್ಲದಾಗ. ಎಲ್ಲಾ ಕರಿ ತಗದೆ. ಮ್ಯಾಲ ಮಸಿ ಬಳದು ತೂಗುಹಾಕೀನಿ."

ಅವ್ವ ಎದ್ದಳು. ಹಂಚು ಇಳಿಸಿ ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿದಳು. ಮಸಿ ಬೆರಳಿಗೆ ಬಂತು, ಕೆಳಗೆ ಬೆಳ್ಳಿ ಮಿಣಕಿತು. ಅವ್ವನಿಗೆ ನಿಜವಾದ ಸಿಟ್ಟು ಬಂದರೆ ಕನ್ನಡ ಸಾಲುವುದಿಲ್ಲ, ತವರಿನ ಕಡೆಯ ತೆಲುಗಿಗೆ ಹೊರಳುತ್ತಾಳೆ.

"ಏಂ ಪನಿ ಚೇಸಿನವ್ ರಾ!" ಎಂದು ಕೂಗಿದಳು. ಇಂಥ ಕೆಲಸ ಮಾಡಿದೆಯಲ್ಲೋ ಎಂದು ಅದರ ಅರ್ಥ. ಆಮೇಲೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಒಲೆಯ ಪಕ್ಕದಲ್ಲಿ ಒಟ್ಟಿದ್ದ ಸಗಣಿಯ ಕುಳ್ಳಿನಲ್ಲಿ ಒಂದನ್ನು ತೆಗೆದು ನನ್ನತ್ತ ಬೀಸಿ ಒಗೆದಳು. ಬಲಗೈಯಿಂದಲೇ ಒಗೆದಳು. ಭುಜಕ್ಕೆ ಬಿತ್ತು.

"ಅತ್ತಿ, ಕೈಯಾಗ ಕಸುವು ಅದ ನೋಡ್ರಿ!" ಅಂದಳು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ.

ಅವ್ವ ಕೈ ನೋಡಿಕೊಂಡಳು. ನನ್ನ ಅಂಗಿಗೆ ಹತ್ತಿದ ಕುಳ್ಳಿನ ಪುಡಿ ನೋಡಿದಳು. ನಗು ಬಂತು ಅವಳಿಗೆ. ಬರಬಾರದೆಂದು ತಡೆದಳು, ತಡೆಯಲಾಗದೆ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಡುನಡುವೆ "ದನಾ ಕಾಯೋನೇ," "ಹುಚ್ಚ ಖೋಡಿ," ಎಂದು ಬೈಯುತ್ತಲೂ ಇದ್ದಳು.

ಮರುದಿನದಿಂದ ಹಂಚು ಪಳಗಿಸುವ ಕೆಲಸ ಶುರುವಾಯಿತು. ಹುಕುಂ ಅವ್ವನದು, ಕೂಲಿ ನನ್ನದು. ಕೆಲಸಕ್ಕೆ ಹೋಗುವ ಮೊದಲು ಒಂದು ತಾಸು, ಬಂದ ಮೇಲೆ ಒಂದು ತಾಸು. ಮೊದಲು ಬೂದಿ ಹಾಕಿ ನಾವು ಬಳಿದ ಸುಳ್ಳು ಕರಿಯನ್ನೆಲ್ಲ ನನ್ನ ಕೈಯಿಂದಲೇ ತೆಗೆಸಿದಳು. ಆಮೇಲೆ ಬೆಂಕಿ. ನಾನು ತೊಗರಿ ಕಟ್ಟಿಗೆ ತಂದರೆ, "ಅದು ರೊಟ್ಟಿ ಬೇಯಿಸ್ಲಿಕ್ಕ, ಭುಗ್ ಅಂತ ಹತ್ತಿ ಹೋಗ್ತದ. ಹಂಚಿಗಿ ಕುಳ್ಳಿನ ಬೆಂಕಿ ಬೇಕು, ಸಣ್ಣಗ, ಸುಮ್ಮ," ಅಂದಳು. ಸಣ್ಣ ಬೆಂಕಿಯ ಮೇಲೆ ಹಂಚಿಟ್ಟು ದಪ್ಪ ಉಪ್ಪು ಹುರಿಸಿದಳು. ಉಪ್ಪು ಕಂದಾಗುವ ತನಕ ಹುರಿದು ಚೆಲ್ಲು. ಮರುದಿನ ಉಳ್ಳಾಗಡ್ಡಿಯನ್ನು ಅರ್ಧ ಕೊಯ್ದು, ಕಡ್ಡಿಗೆ ಚುಚ್ಚಿ, ಕಾದ ಹಂಚಿಗೆ ತಿಕ್ಕು. ಕಣ್ಣಲ್ಲಿ ಧಾರಾಕಾರ ನೀರು ನನಗೆ. "ಅಳು, ಅಳು. ಅಳಬೇಕಾದಾವ ನೀನೇ," ಅಂದಳು ಅವ್ವ.

ಆಮೇಲೆ ಕುಸುಬಿ ಎಣ್ಣೆ. ಇಲ್ಲಿ ನಾನು ಮತ್ತೆ ಅವಸರ ಮಾಡಿ ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿದೆ. ಅವ್ವ ಕೈಯಿಂದ ಕಿತ್ತುಕೊಂಡು ಹಿಂಡಿದಳು.

"ಹಚ್ಚೀಯೋ ಇಲ್ಲೋ ಅಂಬೋದು ಹಂಚಿಗೂ ಗೊತ್ತಾಗಬಾರದು. ಹಂಗ ಹಚ್ಚು."

ಹೊಗೆ ಬರುವ ತನಕ ಕಾಯಿಸಬೇಕು. ಹೊಗೆ ನಿಂತ ಮೇಲೆ ಇಳಿಸಬೇಕು. ತಾನಾಗಿ ಆರಬೇಕು, ನೀರು ಸೋಕಿಸಬಾರದು. ಮತ್ತೆ ಹಚ್ಚಬೇಕು. ನನ್ನ ಕಸುಬಿನಲ್ಲಿ ಇದ್ದದ್ದನ್ನು ತೆಗೆದರೆ ಹೊಳಪು ಬರುತ್ತದೆ. ಇಲ್ಲಿ ಕಣ್ಣಿಗೆ ಕಾಣದಷ್ಟು ತೆಳ್ಳಗಿನದನ್ನು ದಿನಾ ಕೂಡಿಸಬೇಕು. ಮೊದಲ ವಾರ ನನಗೆ ಸಿಟ್ಟು ಬಂತು, ಎರಡನೆಯ ವಾರ ರುಚಿ ಹತ್ತಿತು. ಬೆಳ್ಳಿ ಮೊದಲು ಬೆಲ್ಲದ ಬಣ್ಣಕ್ಕೆ ತಿರುಗಿತು. ಆಮೇಲೆ ಕಂದು. ಆಮೇಲೆ ಒಂದು ದಿನ ನಡುವಿನ ತಗ್ಗಿನಲ್ಲಿ ಅಂಗೈಯಗಲ ಕಪ್ಪು ಕೂತಿತು. ಆ ಅಂಗೈಯಗಲ ಕಪ್ಪನ್ನು ಓಣಿಯವರಿಗೆ ಕರೆದು ತೋರಿಸಬೇಕು ಅನ್ನಿಸಿತು, ಹೆಂಡತಿಯ ಮುಖ ನೋಡಿ ಸುಮ್ಮನಾದೆ.

ದಿನಾ ಎಣ್ಣೆಯ ಕೆಲಸ ಮುಗಿದ ಮೇಲೆ ಅವ್ವ ಅದರ ಮೇಲೆ ನಾಲ್ಕು ರೊಟ್ಟಿ ಬಡಿದು ಹಾಕುವಳು. "ಹಂಚಿನ ಸಲುವಾಗಿ," ಅನ್ನುವಳು. "ರೊಟ್ಟಿ ಕಂಡ ಹೊರತು ಅದು ಪಳಗಲ್ಲ." ಹರಿದವು, ಹೊತ್ತಿದವು, ಅಂಚು ಬಿರಿದವು ಎಲ್ಲ ನನ್ನ ತಾಟಿಗೆ. ಮೂರು ವಾರ ನಾನು ಒಂದು ಇಡೀ ರೊಟ್ಟಿ ಕಾಣಲಿಲ್ಲ. ಹೆಂಡತಿ ಎದುರಿಗೆ ಕೂತು ಗ್ಯಾಸಿನ ಮೇಲೆ ಬೇರೆ ಹಂಚಿನಲ್ಲಿ ಮಾಡಿದ ದುಂಡು ದುಂಡು ರೊಟ್ಟಿ ಉಣ್ಣುತ್ತ, "ಪಾಲಿಶ್‌ನವ್ರಿಗಿ ಇನ್ನೊಂದು ಚೂರು ಹಾಕ್ರಿ ಅತ್ತಿ," ಅನ್ನುವಳು. ದಿನ ಕಳೆದ ಹಾಗೆ ಚೂರುಗಳು ದೊಡ್ಡವಾದವು. ಹಿತ್ತಲಿನ ಟಪಟಪ ಸಪ್ಪಳ ಸರಿಯಾಗಿ ಬರಲು ಯಾವ ದಿನ ಶುರುವಾಯಿತೋ ನನಗೆ ನೆನಪಿಲ್ಲ. ಹಂಚಿನ ಬಣ್ಣ ನೋಡುವುದರಲ್ಲಿ ನಾನು ಅದನ್ನು ಕೇಳಿಸಿಕೊಂಡಿರಲೇ ಇಲ್ಲ.

ಎಳ್ಳಮಾವಾಸ್ಯೆ ಬಂತು. ಕಾಕಾನ ಹೊಲದಲ್ಲಿ ಜೋಳ ಎದೆಯೆತ್ತರಕ್ಕೆ ನಿಂತಿತ್ತು, ಬದುವಿನ ಮೇಲೆ ಕುಸುಬಿ. ಪೂಜೆ ಆಯಿತು, ಕಾಕಾ ಚರಗ ಚೆಲ್ಲಿ ಬಂದ. ನಾನು ಮೂರು ಕರಿಕಲ್ಲು ಹುಡುಕಿ ಹೂಡಿದೆ. ಫರಸಿ ಅಲ್ಲವೆಂದು ಪ್ರತಿಯೊಂದನ್ನೂ ಹೆಂಡತಿ ಪರೀಕ್ಷೆ ಮಾಡಿದಳು. ಎಲ್ಲರೂ ಸುತ್ತ ಕೂತರು. ಅವ್ವನ ಕೈ ಮುರಿದದ್ದು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಯಾರೂ ಅತ್ತ ನೋಡದವರ ಹಾಗೆ ನೋಡುತ್ತ ಕೂತರು.

ಸಜ್ಜೆ ಹಿಟ್ಟಿಗೆ ಜಿಗುಟು ಕಡಿಮೆ. ಕೈ ಸ್ವಲ್ಪ ಅದುರಿದರೂ ರೊಟ್ಟಿ ಹರಿಯುತ್ತದೆ. ಅವ್ವ ಉಂಡೆ ಮಾಡಿದಳು, ಬಡಿದಳು, ಎಳ್ಳು ಉದುರಿಸಿ ಮತ್ತೆರಡು ಸಲ ತಟ್ಟಿದಳು. ಬಲಗೈಯಲ್ಲಿ ಎತ್ತಿದಳು. ಹಂಚಿಗೆ ಬಿತ್ತು, ನೀರು ಸವರಿದಳು, ತಿರುವಿದಳು. ಅಂಚಿಗೆ ಬೆರಳು ತಾಗಿಸಿದ್ದೇ ತಡ, ರೊಟ್ಟಿ ಹಂಚಿನ ಮೇಲೆ ಜಾರಿ ಅರ್ಧ ಸುತ್ತು ತಿರುಗಿತು. ನಡುವೆ ಉಬ್ಬಿ ನಿಂತಿತು.

"ಬಂತು!" ಎಂದು ಕೂಗಿದೆ. ಕಾಕಾ ಬೆಚ್ಚಿಬಿದ್ದ.

ಎಲ್ಲರ ಊಟ ನಡೆಯಿತು. ಭಜ್ಜಿ, ಕಡುಬು, ಶೇಂಗಾದ ಹೋಳಿಗೆ, ಅಂಬಲಿ, ಮೇಲಿಂದ ಮೇಲೆ ಬಿಸಿ ರೊಟ್ಟಿ. ಉಂಡವರು ಜೋಳದ ನೆರಳಿಗೆ ಅಡ್ಡಾದ ಮೇಲೆ ನಾನು ಅವ್ವನ ಹತ್ತಿರ ಹೋಗಿ ಕೂತೆ. ಅವಳು ಬಟ್ಟೆಯಿಂದ ಹಂಚು ಒರೆಸುತ್ತಿದ್ದಳು.

"ನೋಡಿದ್ಯಾ? ಹಂಚಿಂದೇ ತಪ್ಪಿತ್ತು, ನಿನ್ನ ಕೈದಲ್ಲ," ಅಂದೆ. ಮೂರು ವಾರದ ಕೂಲಿಗೆ ಒಂದು ಒಳ್ಳೆಯ ಮಾತು ಬರಲಿ ಎಂಬ ಆಸೆ ನನ್ನದು.

ಅವ್ವ ಒರೆಸುವುದನ್ನು ನಿಲ್ಲಿಸಲಿಲ್ಲ. "ಕೈದೂ ಇತ್ತಪ್ಪಾ," ಅಂದಳು ಮೆಲ್ಲಗೆ. "ಆ ದಿನಾ ಮೂರನೇ ರೊಟ್ಟಿ ಹಂಚಿಗಿ ಹೋಗೂಕಿನ ಮೊದಲೇ ಹರದಿತ್ತು, ನನ್ನ ಕೈಯಾಗೇ. ಬೆರಳು ಮಾತು ಕೇಳ್ತಿದ್ದಿಲ್ಲ. ನೀ ಬಂದು ಹಂಚ ಕೆಡಿಸೀನಿ ಅಂದಿ. ಹಂಚಿನ ಹೆಸರಲೇ ದಿನಾ ನಾಕು ರೊಟ್ಟಿ ಬಡದೆ. ನನ್ನ ಕೈ ಸಲುವಾಗಿ ಬಡೀತೀನಿ ಅಂದಿದ್ರ ನೀವಿಬ್ಬರೂ ಬ್ಯಾಡ, ಕುಂದ್ರು, ದಣೀತೀ ಅಂತಿದ್ರಿ. ಹೌದಿಲ್ಲೋ?"

ಹೌದು. ಅನ್ನುತ್ತಿದ್ದೆವು. ಮೂರು ವಾರ ಹರಿದ ರೊಟ್ಟಿ ನನ್ನ ತಾಟಿಗೆ ಬಿದ್ದದ್ದು ಕಣ್ಣ ಮುಂದೆ ಬಂತು. ಅದರಲ್ಲಿ ಯಾವುದು ಹಂಚು ಹರಿದದ್ದು, ಯಾವುದು ಅವಳ ಬೆರಳು ಹರಿದದ್ದು, ಉಂಡ ನನಗೆ ಗೊತ್ತಾಗಿರಲಿಲ್ಲ. ನನ್ನ ಅವ್ವನ ಮೇಲೆ ಅಂಥ ಪ್ರೀತಿ ಉಕ್ಕಿತು, ಅಲ್ಲಿಯೇ ಅವಳ ಕಾಲು ಹಿಡಿದುಕೊಂಡುಬಿಡೋಣ ಅನ್ನಿಸಿತು. ಎಲ್ಲರೂ ಇದ್ದಾರೆಂದು ಬಿಟ್ಟೆ.

"ನಾನೂ ಒಂದು ಹೇಳಬೇಕು," ಅಂದೆ. "ನೀ ಬಿದ್ದಿದ್ದು ಸಾಬೂನಿನಿಂದ ಅಲ್ಲ. ನನ್ನ ಪಾಲಿಶ್‌ನಿಂದ."

"ಅದು ನನಗ ಗೊತ್ತದ," ಅಂದಳು ಅವ್ವ. "ನಿನಗ ಯಾವಾಗ ಗೊತ್ತಾಗ್ತದೋ ಅಂತ ನೋಡ್ಲಿಕತ್ತಿದ್ದೆ."

ಮರುದಿನ ಬೆಳಗ್ಗೆ ಎದ್ದವನೇ ಸುತ್ತಿಗೆ, ಚಾಣ ಹಿಡಿದು ಬಚ್ಚಲಿಗೆ ಹೋದೆ. ಗೋಣಿಚೀಲ ಎತ್ತಿದೆ. ಒದ್ದೆ ಕಲ್ಲಿನಲ್ಲಿ ನನ್ನ ಮೀಸೆ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಮೀಸೆಯ ಮೇಲೆಯೇ ಮೊದಲ ಏಟು ಹಾಕಿದೆ. ಇಪ್ಪತ್ತು ವರ್ಷದ ಕಸುಬಿನಲ್ಲಿ ನನ್ನ ಕೈಯಿಂದ ಒರಟಾದ ಮೊದಲ ಕಲ್ಲು ಅದು. ಸಪ್ಪಳಕ್ಕೆ ಹೆಂಡತಿ ಬಂದು ನೋಡಿ, ನನಗಾಗಿ ಚಹಾ ಇಡಲು ಒಳಗೆ ಹೋದಳು.

ಕಲ್ಲಿನ ತುಂಬ ಚುಕ್ಕೆ ಬಿದ್ದ ಮೇಲೆ ಅವ್ವ ಬಂದಳು. ಬಲಗೈಯಲ್ಲಿ ತುಂಬಿದ ನೀರಿನ ಕೊಡವಿತ್ತು. ಬರಿಗಾಲು ಇಟ್ಟು ಎರಡು ಸಲ ಒತ್ತಿ ನೋಡಿದಳು.

"ಹ್ಞಾಂ, ಈಗ ಕಾಲು ಹಿಡೀತದ. ಏಳು, ನಾ ಜಳಕಾ ಮಾಡಬೇಕು."